ಸೂಲಗಿತ್ತಿಯ ಅಲುಗದ ಅಂಗೈ

ಮೂಡಲಗಿಯಲ್ಲಿ ನಮ್ಮ ಬಾಜೂ ಮನೆಯ ಸೂಲಗಿತ್ತಿ ಆಯಿ ದಿನಾ ಬೆಳಿಗ್ಗೆ ಮಿಂದು, ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ರೆಪ್ಪೆ ಬಡಿಯದೆ ನೋಡುತ್ತ ಕೂಡುತ್ತಿದ್ದಳು. ಪೂಜೆಯಾಗದೆ ಹನಿ ನೀರೂ ಮುಟ್ಟುತ್ತಿರಲಿಲ್ಲ. ಚಿಕ್ಕವಳಿದ್ದಾಗ ಕಾನ್ವೆಂಟಿನ ಪ್ರಾರ್ಥನೆಯಲ್ಲಿ ಬೆರಳ ಸಂದಿನಿಂದ ಇಣುಕುತ್ತಿದ್ದ ನನಗೆ ಅದೊಂದು ಸೋಜಿಗ.

ಅಂದು ಆಕೆ ಪೂಜೆಗೆ ಕೂಡುವಷ್ಟರಲ್ಲಿ ನಾನೇ ಓಡಿಹೋಗಿ ಕರೆದೆ. ನನ್ನ ನಾದಿನಿಗೆ ನೋವು ಶುರುವಾಗಿತ್ತು. ಆಯಿ ಲಿಂಗವನ್ನು ಮತ್ತೆ ಕೊರಳ ಕರಡಿಗೆಗೆ ಸೇರಿಸಿ ಎದ್ದು ಬಂದಳು.

ಕೂಸು ಅಡ್ಡ ತಿರುಗಿತ್ತು! ದವಾಖಾನೆಗೆಂದು ಗೋಕಾಕಕ್ಕೆ ಚಕ್ಕಡಿ ಹೂಡಿದರೆ ದಾರಿಯಲ್ಲೇ ಎರಡೂ ಜೀವ ಹೋಗುವಂತಿತ್ತು.

“ಅವಸರ ಬ್ಯಾಡವ್ವಾ, ಅವಸರ ಬ್ಯಾಡ.” ಆಯಿಯದು ಎಂದಿನ ಅದೇ ಮಾತು. ಮಧ್ಯಾಹ್ನವಾದರೂ ಅವಳ ಕೈ ಹೊಟ್ಟೆಯ ಮೇಲೆ ಮೆಲ್ಲಗೆ ಸರಿಯುತ್ತಲೇ ಇತ್ತು. ನಾನು ಮಜ್ಜಿಗೆ ತಂದುಕೊಟ್ಟೆ.

“ನನ್ನ ಪೂಜಿ ಇನ್ನೂ ಆಗಿಲ್ಲ. ನೀನ ಕುಡಿ, ನಿನ್ನ ಕೈ ನಡಗಾಕತ್ತಾವು” ಎಂದು ನಕ್ಕಳು. ಅವಳ ತುಟಿ ಒಣಗಿ ಬಿರಿದಿತ್ತು. ಬೆರಳು ಮಾತ್ರ ನಡುಗಲಿಲ್ಲ.

ಇಳಿಹೊತ್ತಿಗೆ ಕೂಸು ತಿರುಗಿತು, ಹುಟ್ಟಿತು, ಅತ್ತಿತು! ಬಾಣಂತಿಯ ಆರೈಕೆ ಮುಗಿಸಿ ನಾನು ಕುಣಿಯುತ್ತ ಅಂಗಳಕ್ಕೆ ಬರುವಷ್ಟರಲ್ಲಿ ಆಯಿ ಮಿಂದು ತನ್ನ ಕಟ್ಟೆಯ ಮೇಲೆ ಪೂಜೆಗೆ ಕುಳಿತಿದ್ದಳು. ಎಮ್ಮೆಗೆ ನೀರಿಡುತ್ತಿದ್ದ ಎದುರು ಮನೆಯಾಕೆ ಇಣುಕಿ ನೋಡಿದಳು:

“ದೀಪ ಹಚ್ಚೂ ಹೊತ್ತಿನ್ಯಾಗ ಮುಂಜಾನಿ ಪೂಜಿ! ಮುದುಕಿಗೆ ಹೊತ್ತಿನ ಖಬರ ಇಲ್ಲದಂಗ ಆಗೇತಿ ನೋಡ್ರಿ.”