ಬಸ್ಸಿನ ಕಿಟಕಿಯಲ್ಲಿ ಅಪ್ಪ ಆಡಿದ ಮಾತು

ಮುಂಬಯಿ ಸರಕಾರದ ಕಾಲದಲ್ಲಿ ನನಗೆ ಬೀಳಗಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಶಿಕ್ಷಕಿಯ ನೌಕರಿ ಸಿಕ್ಕಿತು. ಬನಹಟ್ಟಿಯಲ್ಲಿ ಸೀರೆ ನೇಯುತ್ತಿದ್ದ ಅಪ್ಪನಿಗೆ ಅದು ಸೇರಲಿಲ್ಲ. ಮದುವೆಯಾಗದ ಮಗಳು ಪರವೂರಲ್ಲಿ ಒಬ್ಬಳೇ ಇರುವುದೆಂದರೇನು? ಎಂಟು ದಿನ ನನ್ನ ಕೂಡ ಮಾತು ಬಿಟ್ಟ. ನಾನೇನು ಕಡಿಮೆ ಹಟದವಳೇ? ನಾನೂ ಬಿಟ್ಟೆ.

ಆದರೆ ಹೊರಡುವ ದಿನ ಬಸ್ಸಿನ ಕಿಟಕಿಗೆ ಬಂದು, "ಒಬ್ಬಾಕಿ ಅದೇನಂತ ಅಂಜಬ್ಯಾಡವ್ವಾ, ನಾ ಅದೇನಿ," ಎಂದ. ಆ ದನಿ, ಅವನ ಅಂಗಿಯ ಗಂಜಿ ವಾಸನೆ, ಎಲ್ಲ ನೆನಪಿತ್ತು.

ಬೀಳಗಿಯಲ್ಲಿ ನನ್ನದು ಒಂದೇ ಕೋಣೆ. ಶನಿವಾರ ಶಾಲೆ ಬಿಟ್ಟರೆ ಸೋಮವಾರದ ತನಕ ಮನುಷ್ಯರ ಮಾತೇ ಇಲ್ಲ. ಒಬ್ಬಳಿಗಾಗಿ ಒಲೆ ಹಚ್ಚಲೂ ಮನಸ್ಸಾಗದೆ ಮೂಲೆಯಲ್ಲಿ ಕೂತು ಅಳುತ್ತಿದ್ದೆ. ಆಗೆಲ್ಲ ಅಪ್ಪನ ಆ ಮಾತು ನೆನೆಸಿಕೊಂಡೇ ಎದ್ದದ್ದು. ಎರಡು ವರ್ಷಕ್ಕೆ ಅಪ್ಪ ತೀರಿಕೊಂಡ. ನಾನು ಊರು ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು.

ಆಮೇಲೊಮ್ಮೆ ಅವ್ವನಿಗೆ ಈ ಮಾತು ಹೇಳಿದೆ. ನೂಲು ಸುತ್ತುತ್ತಿದ್ದವಳು ಕೈ ನಿಲ್ಲಿಸಿದಳು.

"ಅವತ್ತ ನಿಮ್ಮಪ್ಪ ಮಗ್ಗ ಬಿಟ್ಟು ಏಳಲೇ ಇಲ್ಲ. ಬಸ್ಸಿಗೆ ಬಂದಾಕಿ ನಾ ಒಬ್ಬಾಕಿನ."

"ಏ, ಸುಮ್ನಿರ ಬೇ! ನನ್ನ ಕಿವಿಲೇ ಕೇಳೇನಿ."

"ಖರೇನ ಹೇಳ್ತೇನಿ. ನೀ ಹೋಗಿ ತಿಂಗಳಾದ ಮ್ಯಾಲ ಆ ಮಾತು ಕಾಗದದಾಗ ಕಾರಕೂನರ ಕಡಿಂದ ಬರಸಿ ಕಳಿಸಿದ್ರು. ನಾ ಬಾಜೂಕ ಕುಂತಿದ್ನಿ."

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರಲ್ಲ. ಬೀಳಗಿಗೆ ಮರಳಿದವಳೇ ಟ್ರಂಕು ಬರಿದು ಮಾಡಿದೆ. ಕಾಗದ ಸಿಕ್ಕಿತು. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ. ನಮ್ಮ ಓಣಿಯ ಹಳೆ ಕಾರಕೂನರಿಗೆ ಬರೆಯಲು ಬರುತ್ತಿದ್ದದ್ದು ಮರಾಠಿಯೊಂದೇ. ಅವನು ಕನ್ನಡದಲ್ಲಿ ಹೇಳಿದ್ದನ್ನು ಅವರು ಮರಾಠಿಗೆ ಇಳಿಸುತ್ತಿದ್ದರು. ನೀಲಿ ಶಾಯಿಯಲ್ಲಿ ಅದೇ ಮಾತಿತ್ತು: "ತೂ ಏಕಟೀ ಆಹೇಸ ಮ್ಹಣೂನ ಭಿಊ ನಕೋಸ. ಮೀ ಆಹೇ."

ಆಗ ನೆನಪಾಯಿತು. ಕೋಣೆಯ ನಿಶ್ಶಬ್ದ ತಾಳಲಾರದೆ ನಾನು ಬಾಗಿಲು ಹಾಕಿಕೊಂಡು ಆ ಕಾಗದವನ್ನು ದೊಡ್ಡದಾಗಿ ಓದುತ್ತಿದ್ದೆ. ಮರಾಠಿ ಬಿಟ್ಟು ನಮ್ಮ ಮನೆಯ ಕನ್ನಡದಲ್ಲಿ, ಅಪ್ಪ ಅಂದಿದ್ದರೆ ಹೇಗೆ ಅನ್ನುತ್ತಿದ್ದನೋ ಹಾಗೆ. ಪ್ರತಿ ರವಿವಾರ.

ಅಪ್ಪನ ಸಿಟ್ಟು ಇಳಿದಿತ್ತು, ಅದು ಖರೆ. ಆದರೆ ಬಾಯಿಬಿಟ್ಟು ನನ್ನೆದುರು ಅದನ್ನು ಹೇಳಿರಲಿಲ್ಲ. ಎರಡು ವರ್ಷ ನನಗೆ ಧೈರ್ಯ ಹೇಳಿದ್ದು ನನ್ನದೇ ದನಿ. ಅಪ್ಪನ ದನಿ ಹೇಗಿತ್ತೆಂದು ಈಗ ಯಾರಾದರೂ ಕೇಳಿದರೆ, ನನಗೆ ಹೇಳಲು ಬರುವುದಿಲ್ಲ.