ತಲೆ ಎಣಿಸಿದ ದಿನ

ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಹೆಬ್ಬಾಳದ ಆಚೆಗಿನ ಡೇಟಾ ಸೆಂಟರಿನಲ್ಲಿ ಸೆಕ್ಯುರಿಟಿ ಸೂಪರ್‌ವೈಸರ್ ಆದಾಗ ಇಂಜಿನಿಯರುಗಳೂ ನನ್ನನ್ನು ಸಾರ್ ಅನ್ನುತ್ತಿದ್ದರು. ಅಲ್ಲಿ ಒಳಗೆ ಹೋಗಲು ಎರಡು ಬಾಗಿಲು. ಒಂದು ಮುಚ್ಚದೆ ಇನ್ನೊಂದು ತೆರೆಯುವುದಿಲ್ಲ. ಕಾರ್ಡು ತೋರಿಸಿದವರ ಹೆಸರು ತಾನಾಗಿ ಪಟ್ಟಿಗೆ ಸೇರುತ್ತದೆ. ಕಾರ್ಡಿಲ್ಲದ ದೊಡ್ಡ ಸಾಹೇಬರನ್ನೇ ವಾಪಸ್ ಕಳಿಸಿದ್ದೆ. ನನಗೆ ಮುಖ ಮರೆಯುವುದಿಲ್ಲ, ಪಟ್ಟಿಯೆಲ್ಲ ಬೇಕಾಗುವುದು ನೆನಪಿಲ್ಲದವರಿಗೆ ಎಂದು ಗಾರ್ಡುಗಳ ಮುಂದೆ ಹೇಳಿಕೊಳ್ಳುತ್ತಿದ್ದೆ.

ಆ ಬೆಳಿಗ್ಗೆ ನೆಲ ಒರೆಸುವ ಹೆಂಗಸು ಕಾರ್ಡು ಮರೆತು ಬಂದಿದ್ದಳು. ಬಾಗಲಗುಂಟೆಯಿಂದ ಎರಡು ಬಸ್ಸು ಹತ್ತಿ ಬರುವವಳು, ಅವಳನ್ನು ಮತ್ತೆ ಹೇಗೆ ಅಟ್ಟುವುದು?

"ನಮ್ಮೋರಿಗೆ ಯಾತರ ಕಾರ್ಡು, ಹೋಗಮ್ಮ" ಎಂದು ನನ್ನ ಕಾರ್ಡಿನಲ್ಲೇ ಎರಡೂ ಬಾಗಿಲು ತೆಗೆದೆ. ಗೇಟಿನ ಪುಸ್ತಕದಲ್ಲೂ ಅವಳ ಹೆಸರು ಬರೆಯಲಿಲ್ಲ.

ಹನ್ನೊಂದಕ್ಕೆ ಬೆಂಕಿಯ ಡ್ರಿಲ್ ಇತ್ತು. ಸೈರನ್ ಆದ ಮೇಲೆ ಎಲ್ಲರೂ ಗೇಟಿನ ಬಳಿ ಸೇರಬೇಕು, ನಾನು ಪಟ್ಟಿ ಹಿಡಿದು ತಲೆ ಎಣಿಸಬೇಕು. ನಿಜವಾಗಿ ಬೆಂಕಿ ಬಿದ್ದರೆ ಆಮೇಲೆ ಅದನ್ನು ಆರಿಸಲು ಒಳಗೆ ಗ್ಯಾಸ್ ಬಿಡುತ್ತಾರೆ, ಒಳಗೆ ಉಳಿದವರು ಉಸಿರುಕಟ್ಟಿ ಸಾಯಬಹುದು. ಪಟ್ಟಿಗೂ ತಲೆಗೂ ಸರಿಹೋಯಿತು.

"ಎಲ್ಲಾ ಆಚೆ ಬಂದವ್ರೆ ಸಾರ್" ಎಂದೆ, ಎಲ್ಲರಿಗೂ ಕೇಳುವ ಹಾಗೆ. ಮ್ಯಾನೇಜರ್ ನನ್ನ ಬೆನ್ನು ತಟ್ಟಿದರು.

ವಾಪಸ್ ಒಳಗೆ ಹೋದ ಇಂಜಿನಿಯರುಗಳಿಗೆ, ಬೆಳಿಗ್ಗೆ ನಾನು ಒಳಗೆ ಬಿಟ್ಟು ಮರೆತೇಬಿಟ್ಟಿದ್ದ ಆ ಹೆಂಗಸು ಒಳಬಾಗಿಲು ಬಡಿಯುತ್ತಾ ಸಿಕ್ಕಿದಳು. ಆಚೆ ಬರಲೂ ಕಾರ್ಡು ಬೇಕಿತ್ತು. ಬಾಗಿಲ ಪಕ್ಕದ ಹಸಿರು ಡಬ್ಬಿ ಒತ್ತಿದ್ದರೆ ತೆರೆಯುತ್ತಿತ್ತು. ಅದನ್ನು ಮುಟ್ಟಿದರೆ ಕೆಲಸ ಹೋಗುತ್ತದೆ ಎಂದು ಅವಳನ್ನು ಹೆದರಿಸಿ ಇಟ್ಟಿದ್ದವನು ನಾನೇ.

ಹೇಗೆ ಒಳಗೆ ಬಂದೆ ಎಂದು ಮ್ಯಾನೇಜರ್ ಕೇಳಿದರು. ಅವಳು ನನ್ನ ಕಡೆ ಒಮ್ಮೆ ನೋಡಿದಳು.

"ಯಾರ್ದೋ ಹಿಂದೆ ನುಗ್ಬುಟ್ಟೆ ಸಾರ್. ಇವ್ರಿಗ್ ಗೊತ್ತಿಲ್ಲ."

ಇಲ್ಲ, ನಾನೇ ಬಿಟ್ಟೆ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಯಾರ ಕಾರ್ಡಿನಿಂದ ಬಾಗಿಲು ತೆರೆಯಿತು ಎಂದು ನೋಡಿ ಹೇಳುವ ಕೆಲಸವೂ ನನ್ನದೇ ಆಗಿತ್ತು. ನೋಡಿದೆ. ಏನೂ ಹೇಳಲಿಲ್ಲ.

ಸಂಜೆ ಅವಳನ್ನು ಕೆಲಸದಿಂದ ತೆಗೆದರು. ಹೊರಟವರ ಚೀಲ ತಪಾಸಣೆ ಮಾಡಬೇಕೆಂಬುದು ಅಲ್ಲಿನ ನಿಯಮ. ಮೂರು ಜನ ಗಾರ್ಡುಗಳು ನೋಡುತ್ತಿದ್ದರು. ಅವರ ಕಣ್ಣಿಗೆ ನಾನು ಕಟ್ಟುನಿಟ್ಟಾಗಿಯೇ ಕಾಣಬೇಕಿತ್ತು. ಅವಳ ಚೀಲ ಬಿಚ್ಚಿಸಿದೆ, ಊಟದ ಡಬ್ಬಿಯ ಮುಚ್ಚಳವನ್ನೂ ತೆಗೆಸಿದೆ.

"ಸರ್ಯಾಗ್ ನೋಡ್ಕಳಿ ಅಣ್ಣ" ಎಂದು ಅವಳು ಖಾಲಿ ಡಬ್ಬಿಯನ್ನು ನನ್ನ ಮುಂದೆ ಹಿಡಿದಳು.