ಹಾಳೆ ಬಿಚ್ಚಿದ ಚಾಕಲೇಟು

ಬೈಲಹೊಂಗಲದಿಂದ ದೊಡವಾಡದ ಕಡೆ ಹೋಗುವ ಬೆಳಗಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತೆಂದರೆ ಆ ದಿನ ನನ್ನ ಸಿಟ್ಟು ನೆತ್ತಿಗೇರಿತೆಂದೇ ಲೆಕ್ಕ. ದಾರಿಯುದ್ದಕ್ಕೂ ಜಾಲಿಕಂಟಿಗೆ ಸಿಕ್ಕಿಕೊಂಡು ಪಟಪಟ ಬಡಿದಾಡುವ ಕ್ಯಾರಿಬ್ಯಾಗುಗಳು, ಹೊಲದ ಬದುವಿನಲ್ಲಿ ಗುಟ್ಕಾ ಚೀಟಿಗಳು. ಆ ಸಿಟ್ಟನ್ನೆಲ್ಲ ಹೊತ್ತುಕೊಂಡು ಹೋಗಿ ಶಾಲೆಯಲ್ಲಿ ಮೂರನೇ ತರಗತಿಯ ಮಕ್ಕಳ ಮುಂದೆ ಇಳಿಸುತ್ತೇನೆ. ಪಾಪ, ಅವರು ನನ್ನ ಬೈಗುಳವನ್ನೂ ಪಾಠವೆಂದೇ ತಿಳಿದು ತಲೆ ಅಲ್ಲಾಡಿಸುತ್ತಾರೆ.

ಆದರೆ ಮಕ್ಕಳಿಗೆ ಬೈಗುಳಕ್ಕಿಂತ ಗುಂಡಿ ತೋಡುವುದು ಇಷ್ಟ. ಮಳೆಗಾಲಕ್ಕೆ ಮುಂಚೆ ಶಾಲೆಯ ನುಗ್ಗೆಗಿಡದ ಬುಡದಲ್ಲಿ ಒಂದು ಗುಂಡಿ ತೋಡಿಸಿ, ಅದರಲ್ಲಿ ಒಂದು ತುಂಡು ಜೋಳದ ರೊಟ್ಟಿ, ಒಂದು ಹಳೆಯ ಅರಿವೆ ಚಿಂದಿ, ಒಂದು ಚಾಕಲೇಟಿನ ಹಾಳೆ ಇಟ್ಟು ಮುಚ್ಚಿದೆವು. ಮಳೆ ನಿಂತ ಮೇಲೆ ಅಗೆದು ನೋಡಿದರೆ ರೊಟ್ಟಿ ಹೋಗಿತ್ತು. ಚಿಂದಿ ಎಳೆ ಎಳೆಯಾಗಿ ಮಣ್ಣಾಗುತ್ತಿತ್ತು. ಚಾಕಲೇಟಿನ ಹಾಳೆ ಮಾತ್ರ ಅಂಗಡಿಯಿಂದ ಈಗಷ್ಟೇ ತಂದ ಹಾಗೆ ಮಿಂಚುತ್ತಿತ್ತು. ಮೊದಲ ಸಾಲಿನಲ್ಲಿ ಕೂರುವ ಎರಡು ಜಡೆಯ ಹುಡುಗಿ, ಇಡೀ ತರಗತಿಯ ವಕೀಲಳು ಅವಳೇ, ಅದನ್ನು ಬೆಳಕಿಗೆ ಹಿಡಿದು ನೋಡಿ ಗಾಬರಿಯಾದಳು.

"ಅಕ್ಕಾರ, ಇದು ನಾವು ಮುದುಕ್ಯಾರ ಆದ್ರೂ ಹಿಂಗ ಇರತೈತೇನ್ರಿ?"

"ಇರತೈತಿ. ನಿನ್ನ ಮೊಮ್ಮಕ್ಕಳು ಅಗದ್ರೂ ಸಿಗತೈತಿ."

ಅಷ್ಟು ಸಾಕಾಯಿತು. ಅಲ್ಲೇ ನಿಂತು ಎಲ್ಲರೂ ಪುಸ್ತಕ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ವಿದ್ಯಾ ಆಣೆ ಹಾಕಿದರು: ಇನ್ನು ಮೇಲೆ ಚಾಕಲೇಟಿನ ಹಾಳೆ ಕೈಯಿಂದ ಮುಟ್ಟುವುದಿಲ್ಲ. ನಮ್ಮ ಕಡೆಯ ಮಕ್ಕಳಿಗೆ ವಿದ್ಯಾ ಆಣೆ ಎಂದರೆ ಹುಡುಗಾಟವಲ್ಲ. ಮುರಿದರೆ ಕಲಿತದ್ದೆಲ್ಲ ಮರೆತುಹೋಗುತ್ತದೆ, ಮಗ್ಗಿ ಸಮೇತ. ನಾನು ಬೀಗಿಬಿಟ್ಟೆ. ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ.

ಆ ದಿನ ತರಗತಿಯಲ್ಲಿ ಒಬ್ಬಳು ಇರಲಿಲ್ಲ. ತಾಯಿಯ ಜೊತೆ ರಾಮದುರ್ಗಕ್ಕೆ, ಅಜ್ಜಿಯ ಮನೆಗೆ ಹೋಗಿದ್ದಳು. ಮಾತು ಕಡಿಮೆ, ಅಕ್ಷರ ಮುತ್ತಿನಂಥವು. ಬುದ್ಧನನ್ನು ನಂಬಿದ ಮನೆತನ ಅವರದು. ಅಪ್ಪ ಮನೆಗಳಿಗೆ ವೈರಿಂಗ್ ಮಾಡುತ್ತಾನೆ, ತಾಯಿ ಬೈಲಹೊಂಗಲದ ಒಂದು ಅಂಗಡಿಯಲ್ಲಿ ಬ್ಲೌಸ್ ಹೊಲಿಯುತ್ತಾಳೆ. ಮಗಳ ಹೆಸರು ಶಾಲೆಗೆ ಹಚ್ಚಲು ಬಂದ ದಿನ ಆ ತಾಯಿ ನನ್ನ ಮುಂದೆ ಕೂತು ತನ್ನ ಬಾಲ್ಯದ ಮಾತು ಹೇಳಿದ್ದಳು. ಅವಳ ತವರೂರಿನಲ್ಲಿ ನೀರು ಕೇಳಿದರೆ ಮೇಲಿನಿಂದ ಬೊಗಸೆಗೆ ಸುರಿಯುತ್ತಿದ್ದರಂತೆ. ಅವಳು ಏನಾದರೂ ಕೊಡಲು ಕೈ ಚಾಚಿದರೆ ಎದುರಿನ ಕೈ ಹಿಂದಕ್ಕೆ ಹೋಗುತ್ತಿತ್ತಂತೆ. ದೂರುವ ಧಾಟಿಯೇ ಇರಲಿಲ್ಲ. ಕೊನೆಗೆ ಇಷ್ಟೇ ಅಂದಿದ್ದಳು: "ನನ್ನ ಮಗಳಿಗೆ ಅದು ಗೊತ್ತ ಆಗಬಾರದ್ರಿ ಅಕ್ಕಾರ."

ಮರುದಿನ ಆ ಹುಡುಗಿಯ ಹುಟ್ಟುಹಬ್ಬ. ಶಾಲೆಯಲ್ಲಿ ಚಾಕಲೇಟು ಹಂಚುವುದು ಅವಳಿಗೆ ಅದೇ ಮೊದಲು. ತಾಯಿಯೇ ಹೊಲಿದ ಹಳದಿ ಫ್ರಾಕು, ತಲೆಯಲ್ಲಿ ಅಬ್ಬಲಿಗೆ ಹೂವು, ಕೈಯಲ್ಲಿ ರಾಮದುರ್ಗದಿಂದ ತಂದ ಚಾಕಲೇಟಿನ ದೊಡ್ಡ ಪಾಕೀಟು. ಮಗಳು ಹಂಚುವುದನ್ನು ನೋಡಬೇಕೆಂದು ತಾಯಿಯೂ ಅಂಗಡಿಗೆ ರಜೆ ಹಾಕಿ ಬಂದಿದ್ದಳು. "ಒಳಗ ಬರ್ರಿ ಯವ್ವಾ" ಎಂದರೂ ಸಂಕೋಚದಿಂದ ಬಾಗಿಲಲ್ಲೇ ನಿಂತಳು. ನಾನು ಬೋರ್ಡಿನ ಕಡೆ ತಿರುಗಿ ಬಣ್ಣದ ಚಾಕಿನಲ್ಲಿ ಶುಭಾಶಯ ಬರೆಯತೊಡಗಿದೆ.

ಹಿಂದೆ ಗದ್ದಲ ನಿಂತುಹೋಯಿತು. ನನ್ನ ಮಕ್ಕಳು ಸುಮ್ಮನಾದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ತಿರುಗಿ ನೋಡಿದೆ. ಹುಡುಗಿ ವಕೀಲಳ ಮುಂದೆ ಚಾಕಲೇಟು ಹಿಡಿದು ನಿಂತಿದ್ದಾಳೆ. ವಕೀಲಳು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ತುಟಿ ಬಿಗಿದು, ಬೇಡವೆಂದು ತಲೆ ಅಲ್ಲಾಡಿಸುತ್ತಿದ್ದಾಳೆ. ಅವಳನ್ನು ನೋಡಿ ಪಕ್ಕದವನ ಕೈ ಹಿಂದೆ ಹೋಯಿತು, ಅವನ ಪಕ್ಕದವಳದ್ದೂ ಹೋಯಿತು. ನೋಡನೋಡುತ್ತಿದ್ದಂತೆ ಇಡೀ ತರಗತಿಯ ಕೈಗಳು ಮಾಯವಾದವು.

ನನಗೆ ಮೊದಲು ನಗು ಬಂತು. ಆಮೇಲೆ ಬಾಗಿಲ ಕಡೆ ನೋಡಿದೆ.

ಆ ತಾಯಿಯ ಮುಖ ನಾನು ಮರೆಯಲಾರೆ. ಅಲ್ಲಿ ಸಿಟ್ಟಿರಲಿಲ್ಲ. ಗೊತ್ತಿದ್ದದ್ದೇ ಮತ್ತೆ ಆಯಿತು ಎನ್ನುವ ದಣಿವು ಇತ್ತು. ಮೆಲ್ಲಗೆ ಒಳಗೆ ಬಂದು ಮಗಳ ಭುಜದ ಮೇಲೆ ಕೈಯಿಟ್ಟಳು.

"ಇರ್ಲಿ ಬಿಡ್ರಿ ಅಕ್ಕಾರ. ಬಾ ಮಗಳ, ಮನಿಗೆ ಹೋಗೂಣು."

"ಹಂಗಲ್ರಿ ಯವ್ವಾ, ನಿಂದರ್ರಿ..." ಎಂದೆ. ಏನಂತ ಹೇಳಲಿ? ಪ್ಲಾಸ್ಟಿಕ್ ಪಾಠ ಅನ್ನಲೇ? ಇವತ್ತು ನಮಗೆ ಉಪವಾಸ, ನಮಗೆ ನೆಗಡಿ, ಈಗಷ್ಟೇ ಊಟ ಆಯಿತು ಎನ್ನುವ ನೆಪಗಳನ್ನೆಲ್ಲ ಕೇಳಿ ಬೆಳೆದ ಹೆಣ್ಣುಮಗಳು ಅವಳು. ನನ್ನ ಪಾಠವೂ ಅವುಗಳ ಜೊತೆ ಇನ್ನೊಂದು ನೆಪವಾಗಿ ಕೇಳಿಸುತ್ತಿತ್ತು.

ಹುಡುಗಿಗೆ ಇದೊಂದೂ ತಿಳಿಯದು. ಪಾಕೀಟನ್ನು ಎದೆಗೊತ್ತಿಕೊಂಡು ಕೆಳತುಟಿ ನಡುಗಿಸುತ್ತ ನಿಂತಿದ್ದಳು. ಅದನ್ನು ನೋಡಿ ವಕೀಲಳು ಬಿಗಿದ ತುಟಿ ಬಿಚ್ಚಿದಳು.

"ಅಳಬ್ಯಾಡಲೇ" ಅಂದಳು. "ನೀ ನಿನ್ನೆ ಇದ್ದಿದ್ದಿಲ್ಲ. ನಾವೆಲ್ಲಾರೂ ಹಾಳಿ ಮುಟ್ಟಂಗಿಲ್ಲಂತ ವಿದ್ಯಾ ಆಣಿ ಹಾಕೇವಿ. ನೀ ಹಾಕಿಲ್ಲಲ್ಲ? ಹಾಳಿ ನೀನ ಬಿಚ್ಚಿ ನಮ್ಮ ಬಾಯಾಗ ಹಾಕು."

ಹೀಗೆಂದವಳೇ ಕಣ್ಣು ಮುಚ್ಚಿ, ಕೈ ಬೆನ್ನ ಹಿಂದೆಯೇ ಇಟ್ಟುಕೊಂಡು, ಬಾಯಿ ಅಗಲವಾಗಿ ತೆರೆದಳು. ನಿನ್ನೆಯಾಗಿದ್ದರೆ ಇಂಥ ಉಪಾಯಕ್ಕೆ ಅವಳ ಕಿವಿ ಹಿಂಡುತ್ತಿದ್ದೆ.

ಹುಡುಗಿ ತಾಯಿಯ ಕಡೆ ನೋಡಿದಳು. ಹಾಳೆ ಬಿಚ್ಚಿದಳು. ಚಾಕಲೇಟನ್ನು ಬೆರಳಲ್ಲಿ ಹಿಡಿದು ಗೆಳತಿಯ ನಾಲಗೆಯ ಮೇಲೆ ಇಟ್ಟಳು. ಆಮೇಲೆ ಪಕ್ಕದವನಿಗೆ, ಆಮೇಲೆ ಅವನ ಪಕ್ಕದವಳಿಗೆ. ಬೆಂಚಿನಿಂದ ಬೆಂಚಿಗೆ ಬಾಯಿಗಳು ತೆರೆಯುತ್ತ ಹೋದವು. ಗೌಡರ ಮನೆಯ ಕೂಸು, ಕಿರಾಣಿ ಅಂಗಡಿಯವರ ಮಗ, ಎಲ್ಲರ ಬಾಯಿಗೂ ಆ ಪುಟ್ಟ ಬೆರಳು ಹೋಗಿ ಬಂತು. ಬೆರಳೆಲ್ಲ ಅಂಟಂಟು.

"ಅಕ್ಕಾರ, ಇಂವ ನನ್ನ ಬಟ್ಟು ಕಚ್ಚಿದಾ!" ಎಂದು ನಡುವೆ ದೂರು ಬಂತು. ತಾಯಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಕಣ್ಣಲ್ಲಿ ನೀರಿತ್ತು.

ಬಾಯಿ ಖಾಲಿಯಾದ ಮೇಲೆ ವಕೀಲಳು ಆ ತಾಯಿಯ ಕೈ ಹಿಡಿದೆಳೆದುಕೊಂಡು ಹೋಗಿ ನುಗ್ಗೆಗಿಡದ ಗುಂಡಿ ತೋರಿಸಿದಳು. "ರೊಟ್ಟಿ ಹೋತ್ರಿ, ಚಿಂದಿ ಹೋತ್ರಿ, ಹಾಳಿ ಅಷ್ಟ ಹೋಗಿಲ್ರಿ" ಎಂದು ನನ್ನದೇ ಧಾಟಿಯಲ್ಲಿ, ನನ್ನ ಹಾಗೆಯೇ ಸೊಂಟದ ಮೇಲೆ ಕೈಯಿಟ್ಟು ಪಾಠ ಒಪ್ಪಿಸಿದಳು. ತಾಯಿ ಬಗ್ಗಿ ಬಹಳ ಹೊತ್ತು ಆ ಗುಂಡಿ ನೋಡಿದಳು.

"ನಾ ಬ್ಯಾರೇನ ತಿಳಕೊಂಡಿದ್ದೆ ನೋಡ್ರಿ ಅಕ್ಕಾರ" ಎಂದಳು.

"ಗೊತ್ತಾತ್ರಿ ಯವ್ವಾ" ಎಂದೆ.

ಬಿಚ್ಚಿದ ಹಾಳೆಗಳನ್ನೆಲ್ಲ ಅವಳು ಆಗಲೇ ಸೆರಗಿನ ತುದಿಗೆ ಗಂಟು ಕಟ್ಟಿಕೊಂಡಿದ್ದಳು. ಪಾಕೀಟಿನಲ್ಲಿ ಇನ್ನೂ ಚಾಕಲೇಟು ಉಳಿದಿದ್ದವು. ಒಂದನ್ನು ತೆಗೆದು ಹಾಳೆ ಬಿಚ್ಚಿ, ಬೆರಳಲ್ಲಿ ಹಿಡಿದು, ನನ್ನ ಮುಖದ ಹತ್ತಿರ ತಂದು ಒಂದು ಗಳಿಗೆ ತಡೆದಳು.

"ನೀವೂ ಆಣಿ ಹಾಕೀರಿ, ಹೌದಲ್ರಿ?"

ನಾನು ಕೈ ಬೆನ್ನ ಹಿಂದೆ ಕಟ್ಟಿಕೊಂಡು ಬಾಯಿ ತೆರೆದೆ.